ಕಾಲೇಜಿನ ದೊಡ್ಡ ಗೇಟು

ಪದವಿ ಪಡೆಯುವ ದಿನಕ್ಕೆ ಮೊದಲು ಕಾಲೇಜಿನ ದೊಡ್ಡ ಗೇಟು ದಾಟಿದ ವಿದ್ಯಾರ್ಥಿಗೆ ಡಿಗ್ರಿ ಸಿಗುವುದಿಲ್ಲ ಎಂಬುದು ವಿಟ್‌ಕೋಮ್ ಊರಿನ ಇನ್ನೂರು ವರ್ಷದ ನಂಬಿಕೆ. ಆ ಕಾಲೇಜಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಬೇಯಿಸಿದ ವರ್ನಾಗೆ ಅದು ಗೊತ್ತಿಲ್ಲದೆ ಏನು?

ತಂಗಿ ಆರ್ಲೀನ್ ತನ್ನ ಮೊಮ್ಮಗಳು ಹೇಝೆಲ್‌ಗೆ ಊರು ತೋರಿಸಲು ಬಂದಿದ್ದಳು. ಹುಡುಗಿಗೆ ಇಲ್ಲೇ ಸೀಟು ಸಿಕ್ಕಿತ್ತು. ಬೆಳಗಿನಿಂದ ಆರ್ಲೀನ್‌ಳದು ಒಂದೇ ರಾಗ. "ನಮ್ಮ ಮನೇಲಿ ಇವಳೇ ಮೊದಲು ಕಣೇ ಅಕ್ಕ. ನಿನ್ನ ಕೈಲಿ ಆಗ್ಲಿಲ್ಲ, ಇವಳ ಕೈಲಿ ಆಯ್ತು ನೋಡು."

ವರ್ನಾ ಬೇಕೆಂದೇ ಇಬ್ಬರನ್ನೂ ದೊಡ್ಡ ಗೇಟಿನ ಮುಂದೆ ತಂದು ನಿಲ್ಲಿಸಿ, "ನಡಿಯಮ್ಮ ಹೇಝೆಲ್, ಹೀಗೇ ಹೋದ್ರೆ ಹತ್ತಿರ" ಎಂದಳು.

ಆರ್ಲೀನ್ ದಾಟಿಯೇ ಬಿಟ್ಟಳು. ಹುಡುಗಿ ಮಾತ್ರ ನಿಂತಳು.

"ನಾನು ಬರಲ್ಲ ವರ್ನಜ್ಜಿ, ನಾನಿಲ್ಲಿ ಓದ್ಬೇಕಲ್ಲ. ನೀವು ಹೋಗಿ, ನಿಮಗೇನು ತೊಂದ್ರೆ ಇಲ್ಲ."

ವರ್ನಾ ಗೇಟನ್ನೇ ನೋಡಿದಳು. ಎಂದಾದರೊಂದು ದಿನ ತಾನೂ ಓದಲು ಸೇರಿದರೆ ಎಂದುಕೊಂಡು, ಮೂವತ್ತು ವರ್ಷ, ಹಿಮ ಬೀಳುತ್ತಿದ್ದ ದಿನಗಳಲ್ಲೂ, ಅವಳು ಸುತ್ತು ಹಾಕಿ ಪಕ್ಕದ ಬಾಗಿಲಿಂದಲೇ ಕೆಲಸಕ್ಕೆ ಹೋಗಿದ್ದಳು.

"ನಾನೂ ನಿನ್ನ ಜೊತೆ ಸುತ್ತಿಕೊಂಡೇ ಬರ್ತೀನಿ" ಎಂದಳು.