ನೀಲಿ ಕಾರಿನ ವಿಮೆ

ತಂಗಿ ಅಜ್ವಾಂಗ್ ಮೊಬೈಲಿನಲ್ಲಿ ಲೆಕ್ಕ ಹಾಕಿ ಮುಗಿಸುವವರೆಗೂ ಅಕೆಲೊ ನೀಲಿ ಕಾರಿನ ಮೇಲೆ ಅಂಗೈ ಊರಿಕೊಂಡೇ ನಿಂತಿದ್ದಳು. ಬಿಸಿಲಿಗೆ ಕಾದ ತಗಡು ಹಸುವಿನ ಮೈಯಂತೆ ಬೆಚ್ಚಗಿತ್ತು. ಸರೋವರದಂಚಿನ ಕಿಸುಮು ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿದಂದಿನಿಂದ, ಮಟಾಟು ವ್ಯಾನಿನಲ್ಲಿ ಯಾರದೋ ಮೊಣಕೈ, ಯಾರದೋ ಕೋಳಿಬುಟ್ಟಿಯ ನಡುವೆ ಕೂತಾಗಲೆಲ್ಲ, ಅವಳು ಕಣ್ಣು ಮುಚ್ಚಿ ಇಂಥದೇ ಒಂದು ಕಾರು ಓಡಿಸುತ್ತಿದ್ದಳು. ನೀರಿನ ಬಣ್ಣದ್ದು, ಸರೋವರದ ದಂಡೆಗುಂಟ ಜಾರುವಂಥದು. ಐವತ್ತು ದಾಟಿದ ಮೇಲೆ ಅದು ಕೊನೆಗೂ ಹಳೇ ಕಾರು ಮಾರುವ ಒಬೊನ್ಯೊನ ಅಂಗಳದಲ್ಲಿ ಎದುರಿಗೆ ಬಂದು ನಿಂತಿತ್ತು.

"ಇದಕ್ಕೆ ವಿಮೆ ಕಟ್ಟೋದು ಅಂದ್ರೆ ಎರಡನೇ ಸಂಸಾರ ಸಾಕಿದ ಹಾಗೆ ಅಕ್ಕ," ಎಂದಳು ಅಜ್ವಾಂಗ್. ವಿಮೆ ಮಾಡಿಸುವುದೇ ಅವಳ ಕೆಲಸ. "ಅಲ್ಲಿ ಮೂಲೇಲಿ ಬಿಳೀದು ನಿಂತಿದೆಯಲ್ಲ, ಅದಕ್ಕೆ ಇದರ ಅರ್ಧ ಸಾಕು."

"ಎರಡಕ್ಕೂ ಬೆಲೆ ಒಂದೇ ಅಂದನಲ್ಲ ಒಬೊನ್ಯೊ?"

"ಬೆಲೆ ಒಂದೇ. ಆದ್ರೆ ಇದರ ಎಂಜಿನ್ ನೋಡು, ಗುಂಡಿಗೆ ಬಲ ಜಾಸ್ತಿ. ಒಂದು ದೀಪ ಒಡೆದ್ರೂ ಚಿನ್ನದ ರೇಟು. ಹುಡುಗ್ರು ಇಂಥದರಲ್ಲೇ ರೇಸ್ ಬಿಟ್ಟು ಮರಕ್ಕೆ ಗುದ್ದೋದು. ಕಳ್ಳರಿಗಂತೂ ಕಂಡ್ರೆ ಬಾಯಲ್ಲಿ ನೀರು."

"ನಾನೇನು ರೇಸ್ ಬಿಡ್ತೀನೇನೆ?"

"ಕಂಪನಿಗೆ ನೀನೆಲ್ಲಿ ಕಾಣ್ತೀಯ? ಮೊದಲು ಕಾರು ಕಾಣುತ್ತೆ. ಆಮೇಲೆ ನೀನು."

ಒಬೊನ್ಯೊ ಬೀಗದ ಕೈ ತಂದುಕೊಟ್ಟ. "ಒಂದು ಸುತ್ತು ಹೋಗಿ ಬನ್ನಿ ಅಮ್ಮ. ತಂಗೀನ ಪಕ್ಕದಲ್ಲೇ ಕೂರಿಸ್ಕೊಳ್ಳಿ, ಬಾಯಿ ಮುಚ್ಚಿಕೊಂಡಿರ್ತಾರೆ."

ದಂಡೆಯ ರಸ್ತೆಗೆ ತಿರುಗಿದ್ದೇ ಕಾರು ಹಗುರಾಯಿತು. ಪಾದ ಸೋಕಿದರೆ ಸಾಕು, ಪಪೈರಸ್ ಜೊಂಡು, ಮೀನು ಹುರಿಯುವ ಗುಡಿಸಲುಗಳ ಹೊಗೆ, ಒಣಹಾಕಿದ ಬಲೆಗಳು ಎಲ್ಲ ಒಂದರೊಳಗೊಂದು ಕರಗಿ ಹಿಂದಕ್ಕೆ ಹರಿಯುತ್ತಿದ್ದವು. ತಾನು ಓಡಿಸುತ್ತಿಲ್ಲ, ಯಾರೋ ಹೊತ್ತು ಒಯ್ಯುತ್ತಿದ್ದಾರೆ ಅನಿಸಿತು. ಅಜ್ವಾಂಗ್ ನಿಜವಾಗಿಯೂ ಬಾಯಿ ಮುಚ್ಚಿಕೊಂಡಿದ್ದಳು.

ವೃತ್ತದ ಹತ್ತಿರ ನಿಂತಾಗ ಬೋಡಬೋಡ ಬಾಡಿಗೆ ಬೈಕಿನ ಇಬ್ಬರು ಅಕ್ಕಪಕ್ಕಕ್ಕೆ ಬಂದರು. ಒಬ್ಬ ಬಾನೆಟ್ ಸವರಿದ. "ಗಂಡನದಾ ಅಮ್ಮ? ಮಾರ್ತೀರಾ?" ಇನ್ನೊಬ್ಬ ಬಗ್ಗಿ ಚಕ್ರಗಳನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ. ಪೆಟ್ರೋಲ್ ಬಂಕಿನಲ್ಲೂ ತಲೆಗಳು ತಿರುಗಿದವು. ಅಲ್ಲಿಂದ ಮುಂದೆ ಅಕೆಲೊಳ ಕಣ್ಣಿಗೆ ಸರೋವರ ಬೀಳಲೇ ಇಲ್ಲ. ಹಿಂದಿನ ಗಾಡಿ ತನ್ನ ಬೆನ್ನಿಗೇ ಬರುತ್ತಿದೆಯೇ, ಬೇರೆ ಕಡೆ ಹೋಗುತ್ತದೆಯೇ ಎಂದು ಕನ್ನಡಿಯಲ್ಲೇ ನೋಟ ನೆಟ್ಟಿತ್ತು.

ಅಂಗಳಕ್ಕೆ ಮರಳಿದಾಗ ಅಜ್ವಾಂಗ್ ಬೇಗ ಇಳಿಯಲಿಲ್ಲ. "ತಗೊಂಡುಬಿಡು," ಎಂದಳು ಮೆಲ್ಲಗೆ. "ಆ ದಂಡೆ ರಸ್ತೇಲಿ ಅರಳಿದ ಹಾಗೆ ನಿನ್ನ ಮುಖ ಅರಳಿದ್ದು ನಾನು ನೋಡೇ ಇರಲಿಲ್ಲ. ನನ್ನ ಕಮಿಷನ್ ಬಿಟ್ಟುಕೊಡ್ತೀನಿ. ಹೇಗಾದ್ರೂ ಆಗುತ್ತೆ."

"ದುಡ್ಡಿಂದಲ್ಲ ಕಣೆ. ಕೂತ್ಕೊಂಡು ಏನೋ ಯೋಚಿಸ್ತಾ ಹೋಗೋಣ ಅಂತ ಇಷ್ಟು ವರ್ಷ ಆಸೆಪಟ್ಟೆ. ಇದರಲ್ಲಿ ಇದನ್ನ ಕಾಯೋದೇ ಆಗುತ್ತೆ."

"ಆಮೇಲೆ ಬಿಳೀದನ್ನ ಕಂಡಾಗಲೆಲ್ಲ ನನ್ನ ಬೈಬಾರದು."

"ಬೈತೀನಿ," ಎಂದಳು ಅಕೆಲೊ. ನೀಲಿ ಬಾಗಿಲನ್ನು ಮಲಗಿದ ಕೂಸಿನ ಕೋಣೆಯದೆಂಬಂತೆ ಮೆತ್ತಗೆ ಮುಚ್ಚಿದಳು.

ಮರುವಾರದ ಒಂದು ಸಂಜೆ ಕೆಲಸ ಮುಗಿಸಿ ಬಿಳಿ ಕಾರು ಹತ್ತಿದಳು. ಅದು ಏರಿನಲ್ಲಿ ಮುದುಕಿಯಂತೆ ಗೊಣಗಿತು. ಅಂಥವೇ ಹತ್ತಾರು ಬಿಳಿ ಕಾರುಗಳ ನಡುವೆ ಅವಳನ್ನು ಯಾರೂ ನೋಡಲಿಲ್ಲ. ಬೆಳಿಗ್ಗೆ ಹುಟ್ಟಿದ ಮಗುವಿನ ಮುಷ್ಟಿಯ ಬಗ್ಗೆ, ಸತ್ತ ಅಮ್ಮನ ನಗೆಯ ಬಗ್ಗೆ, ಆಮೇಲೆ ಯಾವುದರ ಬಗ್ಗೆಯೂ ಅಲ್ಲದೆ ಸುಮ್ಮನೆ ಯೋಚಿಸುತ್ತ ಮನೆಯ ತಿರುವನ್ನು ಬಿಟ್ಟು ಮುಂದೆ ಹೋಗಿದ್ದಳು. ಗೊತ್ತಾದಾಗ ಎದುರಿಗೆ ನೀರಿತ್ತು.

ನೀರಲ್ಲೇ ಹುಟ್ಟುವ ಸರೋವರದ ಪುಟ್ಟ ನೊಣಗಳು ಹಿಂಡುಗಟ್ಟಿ ಆಗಷ್ಟೇ ಎದ್ದಿದ್ದವು. ನೀರಿನ ಮೇಲಿಂದ ಕಂದು ಹೊಗೆಯ ಕಂಬದಂತೆ ಓಲಾಡುತ್ತ ಬಂದು, ಅವು ರಸ್ತೆಯನ್ನೂ ಕಾರನ್ನೂ ಸುತ್ತಿಕೊಂಡವು. ಗಾಜಿನ ತುಂಬ ಕೂದಲೆಳೆಯಂಥ ರೆಕ್ಕೆಗಳು ಬಂದು ಕೂತವು. ಅಕೆಲೊ ಎಂಜಿನ್ ಆರಿಸಿದಳು, ವೈಪರ್ ಹಾಕಲಿಲ್ಲ.