ಗಿಣ್ಣುಹಾಲು

ವಸಂತದ ಮೊದಲ ಗಾಳಿ ಗೋಬಿ ಮರುಭೂಮಿಯ ಕಡೆಯಿಂದ ಧೂಳು ಹೊತ್ತು ಹುಲ್ಲುಗಾವಲಿನ ಮೇಲೆ ಬೀಸುತ್ತಿತ್ತು. ಖೋರ್ಲೋ ಕುರಿಯ ಕುತ್ತಿಗೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ನಡುಗುವ ಮರಿಯನ್ನು ಅದರ ಕೆಚ್ಚಲಿಗೆ ನೂಕುತ್ತಿದ್ದಳು. ಹಿಂದೆ, ಕಂಬಳಿ ಗುಡಾರದ ಒಂದು ಮಗ್ಗುಲನ್ನೇ ಎತ್ತಿ ಗಂಡಸರು ಅತ್ತೆಯ ಹೆಣವನ್ನು ಹೊರತಂದರು. ಸತ್ತವರನ್ನು ಬಾಗಿಲಿನಿಂದ ಒಯ್ಯುವಂತಿಲ್ಲ. ದಾರಿ ಗುರುತಿಟ್ಟುಕೊಂಡು ಮರಳಿಬಿಡುತ್ತಾರೆ.

ಕುರಿ ಒದೆಯಿತು. ಮರಿ ಉರುಳಿತು.

"ಬಿಡೇ ಅದನ್ನ," ಎಂದ ಗಂಡ ದಂಬಾ, ಒಂಟೆಗಾಡಿಗೆ ಹಗ್ಗ ಬಿಗಿಯುತ್ತ. "ಅದರ ಮರಿ ಸತ್ತೇ ಹುಟ್ತು, ಇದರ ತಾಯಿ ಹೆತ್ತು ಸತ್ತೋಯ್ತು. ಬೇರೆಯವರ ಕೂಸನ್ನ ಅದು ಯಾಕೆ ಸಾಕುತ್ತೆ?"

"ಈ ವರ್ಷ ಉಸಿರಾಡ್ತಿರೋ ಮರಿ ಇದೊಂದೇ ಅಲ್ವಾ? ಹೆಣ್ಣು ಬೇರೆ."

"ಅದು ಉಳಿದ್ರೆ ಇಲ್ಲೇ ಇರೋಣ ಅಂದಿದೀನಲ್ಲ. ಇಲ್ಲದಿದ್ರೆ ಗಣಿ ಕೆಲಸಕ್ಕೆ ಲಾರಿ ಹತ್ತೋದೇ. ಇನ್ನೊಂದು ಮಾತಿಲ್ಲ."

ಚಳಿಗಾಲದ ನಡುವೆ ಹಿಮ ಒಮ್ಮೆ ಕರಗಿ, ರಾತ್ರಿ ಬೆಳಗಾಗುವುದರಲ್ಲಿ ಹುಲ್ಲಿನ ಮೇಲೆ ಕಬ್ಬಿಣದ ಹಾಗೆ ಹೆಪ್ಪುಗಟ್ಟಿತ್ತು. ಅದನ್ನು ಕೆರೆದು ಕೆರೆದು ಕುದುರೆಗಳು ಗೊರಸು ಒಡೆದುಕೊಂಡು ಬಿದ್ದವು. ಕುರಿಗಳು ಒಂದರ ಉಣ್ಣೆ ಇನ್ನೊಂದು ತಿಂದು ಸತ್ತವು. ದೊಡ್ಡಿಯ ಹಿಂದಿನ ಹೆಣಗಳ ರಾಶಿ ಈಗ ಹದ್ದುಗಳಿಗೂ ಬೇಸರವಾಗಿತ್ತು.

ನೆರೆಯ ಸಂಬೂ ಅಜ್ಜ ಗಾಡಿ ಹತ್ತುವ ಮುಂಚೆ ಸುತ್ತ ನೋಡಿದ. "ಹೋಗೋರ ಹಿಂದೆ ಚಿಮುಕಿಸೋಕೆ ಒಂದು ಸೌಟು ಹಾಲಿಲ್ವೇನ್ರೇ?"

"ನಿನ್ನ ಗಡ್ಡ ಹಿಂಡು ಮಾವ, ಬಂದ್ರೆ ಬರುತ್ತೆ," ಎಂದಳು ಅವನ ಸೊಸೆ ದೆಜಿದ್. ಯಾರೂ ನಗಲಿಲ್ಲ.

"ಊರಿಗೆಲ್ಲ ಹಾಲು ಬಗ್ಗಿಸಿದ ಕೈ. ಒಣದಾರೀಲಿ ಹೋಗ್ಬೇಕಾಯ್ತಲ್ಲ." ಅಜ್ಜ ಖೋರ್ಲೋಳ ಕಡೆ ತಿರುಗಿದ. "ನೀನು ಅಳಬೇಡ ಕಣವ್ವ. ನಿನ್ನ ಕಣ್ಣೀರು ಅವಳ ದಾರಿಗೆ ಅಡ್ಡ ಹೊಳೆಯಾಗುತ್ತೆ. ಮುದುಕಿಗೆ ಈಜು ಬರಲ್ಲ."

ಗಾಡಿ ಹಳೆಯ ಕಲ್ಲುಗುಡ್ಡೆಗಳ ಕಡೆ ಹೊರಟಿತು. ಅವು ಯಾವ ಕಾಲದ ಯಾರ ಗೋರಿಗಳೋ ಬಲ್ಲವರಿಲ್ಲ. ಗಂಡಸರು ಹಿಂದಿರುಗಿ ನೋಡಲಿಲ್ಲ.

*

ಖೋರ್ಲೋ ಮದುವೆಯಾಗಿ ಬಂದ ವರ್ಷ ಇಂಥದೇ ಕುರಿಯ ಪಕ್ಕ ಅತ್ತೆ ಕುಕ್ಕರುಗಾಲಲ್ಲಿ ಕೂತು ಹಾಡುತ್ತಿದ್ದಳು. "ತೊಯ್ಗ್, ತೊಯ್ಗ್..." ಮಾತಿಲ್ಲದ, ಎಳೆದೆಳೆದು ಹೇಳುವ ಹಾಡು. ನೋಡನೋಡುತ್ತ ಕುರಿಯ ಕಣ್ಣು ಒದ್ದೆಯಾಯಿತು. ತನ್ನದಲ್ಲದ ಮರಿಯನ್ನು ಮೂಸಿ ನೆಕ್ಕಿತು.

ಆದರೆ ಖೋರ್ಲೋ ಹಾಡಿದಾಗ ಅದು ಹಾಯಲು ಬಂತು.

ಅತ್ತೆ ಹೊಟ್ಟೆ ಹಿಡಿದು ನಕ್ಕಳು. "ಏ ಹುಡುಗಿ, ಒಣ ಕಣ್ಣಲ್ಲಿ ಹಾಡಿದ್ರೆ ಕುರಿ ನಂಬಲ್ಲ. ಮೊದಲು ನೀನು ಅಳ್ಬೇಕು."

"ಯಾರನ್ನ ನೆನೆಸ್ಕೊಂಡು ಅಳ್ತೀರಿ ಅತ್ತೆ?"

"ನನ್ನ ಮೊದಲ ಕೂಸನ್ನ." ಕುರಿಯ ಮೋರೆ ಒರೆಸುತ್ತ ಅತ್ತೆ ಹೇಳಿದಳು. "ನಿನಗಿನ್ನೂ ಯಾರೂ ಹೋಗಿಲ್ಲ ಬಿಡು. ಹೋದಾಗ ತಾನಾಗಿ ಬರುತ್ತೆ."

*

ಗಾಡಿ ಈಗ ಕಪ್ಪು ಚುಕ್ಕೆ. ಮರಿಯ ಬಾಯಿ ತಣ್ಣಗಾಗುತ್ತಿತ್ತು. ಖೋರ್ಲೋ ಕುರಿಯ ಪಕ್ಕ ಕುಕ್ಕರಿಸಿದಳು.

"ಹಾಡ್ಬೇಡ ಕಣೇ," ದೆಜಿದ್ ಅವಳ ತೋಳು ಹಿಡಿದಳು. "ಗಾಡಿ ಇನ್ನೂ ಕಾಣ್ತಿದೆ. ಮಣ್ಣಾಗ್ಲಿ ತಡಿ."

"ಅಲ್ಲೀತನಕ ಇದಕ್ಕೆ ಉಸಿರಿರಲ್ಲ ಅಕ್ಕ."

"ತೊಯ್ಗ್..." ಎಂದಳು. ಮೂರು ದಿನದಿಂದ ಕಟ್ಟಿಹಾಕಿದ್ದ ಅಳು ನುಗ್ಗಿ ಬಂತು. ಅಗಲವಾದ ಹೊಳೆಯ ದಡದಲ್ಲಿ ಮುದುಕಿ ನಿಲುವಂಗಿಯ ಅಂಚು ಎತ್ತಿ ಹಿಡಿದು ನಿಂತಂತೆ ಕಂಡಿತು. ಆದರೂ ನಿಲ್ಲಿಸಲಿಲ್ಲ. ಹಾಡುತ್ತ ಅತ್ತಳು, ಅಳುತ್ತ ಹಾಡಿದಳು.

ಕುರಿ ಒದೆಯುವುದನ್ನು ಬಿಟ್ಟಿತು. ಅದರ ಕಣ್ಣಿನ ಮೂಲೆ ತೇವವಾಯಿತು. ಕತ್ತು ತಿರುಗಿಸಿ ಮರಿಯ ಬೆನ್ನು ಮೂಸಿತು, ನೆಕ್ಕತೊಡಗಿತು. ಕೆಚ್ಚಲು ಸೊರೆಬಿಟ್ಟು ಹಾಲಿಳಿಸಿತು. ಖೋರ್ಲೋ ಮೊಲೆಯನ್ನು ಮರಿಯ ಬಾಯಿಗಿಟ್ಟು ಹಿಂಡಿದಳು. ಬಾಯಿ ತುಂಬಿದ ಹಾಲು ಕಟವಾಯಿಂದ ಹೊರಕ್ಕೆ ಇಳಿಯಿತು. ಗಂಟಲು ಅಲುಗಲಿಲ್ಲ.

ದೆಜಿದ್ ಬಗ್ಗಿ ಮರಿಯ ದವಡೆಯ ಕೆಳಗೆ ಬೆರಳಿಟ್ಟು, ಮಿಡಿತ ಕಾಣದೆ ತೆಗೆದಳು. ಕುರಿ ನೆಕ್ಕುತ್ತಲೇ ಇತ್ತು.

ಖೋರ್ಲೋ ಎದ್ದು ಹೋಗಿ ಅತ್ತೆಯ ಮರದ ಸೌಟು ತಂದಳು. ಹಿಂಡಿದಳು. ಹಳದಿಯ, ಮಂದವಾದ ಗಿಣ್ಣು.

"ಏನ್ ಮಾಡ್ತಿದೀಯೇ?"

ಖೋರ್ಲೋ ಗಾಡಿ ಹೋದ ಗೀರು ಹಿಡಿದು, ಉಂಗುರಬೆರಳಿನಿಂದ ಹಾಲು ಚಿಮುಕಿಸುತ್ತ ನಡೆದಳು. ಕುರಿ ತುಸು ಹೊತ್ತು ಮರಿಯ ಬಳಿ ನಿಂತಿತ್ತು. ಆಮೇಲೆ ಅವಳ ಹಿಂದೆ ಬಂತು. ನೆಲದ ಮೇಲೆ ಬಿದ್ದ ಒಂದೊಂದು ಹನಿಯನ್ನೂ ಮೂಸಿ, ತಲೆಯೆತ್ತಿ, ಕರೆಯುತ್ತ.