ಲಕ್ಷ್ಮಿಯ ಕೊರಳಲ್ಲಿ ನನ್ನ ಕರಿಮಣಿ

"ಗಂಡ ಸತ್ತವಳಿಗೆ ಕರಿಮಣಿ ಎಂತಕ್ಕೆ ಜಲಜಾ? ಇನ್ನು ಯಾರಿಗೆ ತೋರಿಸ್ಲಿಕ್ಕೆ ಉಂಟು?"

ಸುಲೋಚನಮ್ಮ ಇದನ್ನು ಮೆಟ್ಟಿಲಲ್ಲಿ ಹೋಗಿಬರುವವರಿಗೂ ಕೇಳುವಂತೆ ಹೇಳಿದರು. ಬಂಗಾಳಿಗಳಿಗೆ ಕನ್ನಡ ಬಾರದ್ದರಿಂದ ನನ್ನ ಮಾನ ಅಷ್ಟರಮಟ್ಟಿಗೆ ಉಳಿಯಿತು. ನಾನು ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದೆ. ಲೇಕ್ ಮಾರ್ಕೆಟ್ ಹಿಂದಿನ ಅವರ ಈ ಫ್ಲಾಟಿನಲ್ಲಿ ವರ್ಷಗಟ್ಟಲೆ ಪಾತ್ರೆ ತಿಕ್ಕಿದ್ದೇನೆ. ನಾನು ತೊಳೆದಿಟ್ಟದ್ದಕ್ಕೆ ಅಮ್ಮ ಮತ್ತೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಕುಂದಾಪುರದ ಕಡೆಯವಳು, ಭಾಷೆ ಗೊತ್ತು ಎಂದು ಇಟ್ಟುಕೊಂಡಿದ್ದರು. ನನ್ನ ಕೇರಿ ಯಾವುದೆಂದು ತಿಳಿದ ಮೇಲೂ ಕೆಲಸ ಬಿಡಿಸಲಿಲ್ಲ. ಆ ಸಂಬಳಕ್ಕೆ ಇನ್ನೊಬ್ಬಳು ಸಿಗಬೇಕಲ್ಲ.

ಆಮೇಲೆ ಅವರ ಬಂಗಾರದ ಸರ ಕಾಣೆಯಾಯಿತು. ಪೊಲೀಸರು ನನ್ನ ಖೋಲಿ ಜಾಲಾಡಿ, ಏನೂ ಸಿಗದೆ, ಕೊರಳಲ್ಲಿದ್ದ ಕರಿಮಣಿಯನ್ನೇ ಕಿತ್ತುಕೊಂಡರು. ನನ್ನ ಗಂಡ ಮಂಜಯ್ಯ ಹೌರಾದ ಮೆಸ್ಸಿನಲ್ಲಿ ಹಿಟ್ಟು ರುಬ್ಬಿ ರುಬ್ಬಿ ಮಾಡಿಸಿದ್ದ ಕರಿಮಣಿ ಅದು. ಇವಳ ಮೈಮೇಲೆ ಇಷ್ಟು ಚಿನ್ನ ಎಲ್ಲಿಂದ ಬರಬೇಕು, ನನ್ನ ಸರ ಕರಗಿಸಿಯೇ ಮಾಡಿಸಿಕೊಂಡಿದ್ದಾಳೆ ಎಂದು ಅಮ್ಮ ಕೋರ್ಟಿನಲ್ಲಿ ಹೇಳಿದರು. ಕೋರ್ಟು ನಂಬಿತು. ಚಿನ್ನ ಅವರಿಗೆ, ಜೈಲು ನನಗೆ. ನಾನು ಒಳಗಿದ್ದಾಗ ಮಂಜಯ್ಯ ಜ್ವರ ಬಂದು ಸತ್ತ. ಅವನ ಮುಖ ನೋಡಲೂ ನನ್ನನ್ನು ಬಿಡಲಿಲ್ಲ.

ಕಳೆದುಹೋದ ಸರ ಕೊನೆಗೆ ಅವರದೇ ಲಾಕರಿನಲ್ಲಿ ಸಿಕ್ಕಿತು. ಯಜಮಾನರು ಬ್ಯಾಂಕ್ ಮ್ಯಾನೇಜರ್, ಅವರ ಬ್ಯಾಂಕಿನದೇ ಲಾಕರ್. ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಕರಿಮಣಿ ಕೇಳಲು ಠಾಣೆಗೆ ಹೋದರೆ ಅಲ್ಲಿಯ ದೊಡ್ಡ ಅಧಿಕಾರಿ, ಬಡೋಬಾಬು, ಹಲ್ಲು ಕಿರಿದ. ನೀನು ಕಳ್ಳಿಯಲ್ಲ ಅಂತ ಬರೆದಿದೆ, ಮಾಲು ವಾಪಸ್ ಕೊಡಿ ಅಂತ ಎಲ್ಲೂ ಬರೆದಿಲ್ಲ, ಹೋಗಿ ನಿನ್ನ ಮಾಲ್ಕಿನ್ ಕಾಲಿಗೆ ಬೀಳು ಎಂದ.

ಇಲ್ಲಿ ಬಂದರೆ ಹೊಸ ಕಥೆ. ಕಳ್ಳಿಗೆ ಶಿಕ್ಷೆಯಾದರೆ ಸಿಕ್ಕಿದ ಚಿನ್ನ ದೇವರಿಗೆ ಎಂದು ಅಮ್ಮ ಹರಕೆ ಹೊತ್ತಿದ್ದರಂತೆ. ಕರಿಮಣಿಯನ್ನು ಪಂಚಗವ್ಯದಲ್ಲಿ ತೊಳೆದು ಲಕ್ಷ್ಮಿಗೆ ಹಾಕಿಯಾಗಿದೆಯಂತೆ. ಶುಕ್ರವಾರದ ಪೂಜೆಗೆ ಬಂದಿದ್ದ ಭಟ್ಟರು ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದರು.

"ದೇವರಿಗೆ ಒಪ್ಪಿಸಿದ್ದನ್ನು ತೆಗೀಲಿಕ್ಕಿಲ್ಲ. ನಿನ್ನಂಥವಳ ಚಿನ್ನ ದೇವರ ಮೈ ಸೇರಿತಲ್ಲ, ಪುಣ್ಯ ಅಂತ ತಿಳ್ಕೊ."

ಹೀಗೆಂದು ಒಂದು ಬಾಳೆಹಣ್ಣನ್ನು ಹೊಸ್ತಿಲಿನಿಂದಾಚೆ ನೆಲದ ಮೇಲೆ ಹಾಕಿದರು. ಅವರ ಭುಜದ ಹಿಂದೆ ದೇವರ ಕೋಣೆ ತೆರೆದಿತ್ತು. ಬೆಳ್ಳಿಯ ಲಕ್ಷ್ಮಿಯ ಕೊರಳಲ್ಲಿ ನನ್ನ ಕರಿಮಣಿ ಜೋತಾಡುತ್ತಿತ್ತು. ಮೈ ಉರಿದುಹೋಯಿತು.

ನಾನು ಒಳಗೆ ನುಗ್ಗಿದೆ. ಕೈ ಚಾಚಿದ್ದರೆ ನನ್ನನ್ನು ತಡೆಯಬಹುದಿತ್ತು. ಆದರೆ ಇಬ್ಬರೂ ಮಡಿಯಲ್ಲಿದ್ದರು. ನನ್ನ ಸೆರಗು ತಾಗೀತೆಂದು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ದೇವರ ಕೊರಳಿಂದ ಕರಿಮಣಿ ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ. ರಂಗೋಲಿಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತೆ.

"ಬೇವರ್ಸಿ, ಏಳು ಅಲ್ಲಿಂದ. ಪೊಲೀಸರನ್ನು ಕರೀತೇನೆ," ಎಂದು ಅಮ್ಮ ಫೋನ್ ಹುಡುಕಿದರು.

"ಕರೀನಿ ಅಮ್ಮ. ಅವತ್ತ್ ಎಂತದೂ ಮುಟ್ದೇ ಜೈಲಿಗ್ ಹೋಯ್ ಬಂದೆ."

ಭಟ್ಟರು ದೇವರ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಂದೆ ಬರಲಿಲ್ಲ.

"ಪೊಲೀಸ್ರು ಬಪ್ಪು ತನ್ಕ ಎಂತಕ್ ಕಾಯೂದು ಭಟ್ರೆ?" ಎಂದೆ. "ನೀವೇ ಮುಟ್ಟಿ ಏಳ್ಸಿ, ಕಾಂಬ."